ಬೆಣ್ಣೆ ವಾಸನೆ

ಫೆಬ್ರವರಿ 9, ಬೆಳಿಗ್ಗೆ 11
ಎರಡನೇ ಟ್ಯಾಂಕು. ಗೋಧಿ ಬಿಯರು. ಮಬ್ಬು ಹಳದಿ, ನೊರೆ ಎರಡು ಬೆರಳು. ಬರೆದದ್ದು: 'ಮಾಗಿದ ಬಾಳೆಹಣ್ಣು, ಹಿಂದಿನಿಂದ ಮೆಲ್ಲಗೆ ಲವಂಗ.' ಅಕ್ಕನ ಮಗಳು ಓದಿ, "ಮಾವ, ಇದನ್ನೇ ಲೇಬಲ್ ಮೇಲೆ ಹಾಕ್ತೀನಿ" ಎಂದಳು. ಬ್ರೂವರಿ ಅವಳದು, ನಾಲಿಗೆ ನನ್ನದು. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ಆದರೂ ಜನ ನನ್ನ ವಾಕ್ಯ ಓದಿಯೇ ಬಾಟಲಿ ಎತ್ತುತ್ತಾರೆ. ಟ್ಯಾಂಕು ತೊಳೆದವನು ಯಾರೆಂದು ಒಂದು ಗುಟುಕಿನಲ್ಲಿ ಹೇಳುವವನು ನಾನು!
ಹೇಳುತ್ತಿದ್ದವನು.
ಹೋದ ತಿಂಗಳು ಜ್ವರ ಬಿಟ್ಟಿತು, ಮೂಗು ವಾಪಸ್ ಬರಲಿಲ್ಲ. ಕಹಿ, ಸಿಹಿ, ಹುಳಿ — ಅಷ್ಟೇ ಉಳಿದದ್ದು. ಬಾಳೆಹಣ್ಣು, ಲವಂಗ ಎರಡೂ ನನ್ನದೇ ಹೋದ ವರ್ಷದ ಪುಸ್ತಕದಿಂದ ನಕಲು. ಶಾಲೆಯಲ್ಲೂ ಪಾಸಾದದ್ದು ಹಾಗೆಯೇ.

ಫೆಬ್ರವರಿ 11
ನಾಲ್ಕನೇ ಟ್ಯಾಂಕು, ಲಾಗರ್ ಬಿಯರು. ಬ್ರೂವರ್ ಲೋಟ ಹಿಡಿದು ಬಂದ. ಎಂಟು ವರ್ಷದಿಂದ ಇಲ್ಲಿ ಬಿಯರು ಕುದಿಸುತ್ತಿರುವವನು, ಪಾಪದವನು. ಅವನಿಗೂ ನಾನು ಮಾವನೇ.
"ಬೆಣ್ಣೆ ಇದ್ಯಾ ನೋಡಿ ಮಾವ. ನಂಗ್ಯಾಕೋ ಅನುಮಾನ. ಇದ್ರೆ ಇನ್ನೆರಡು ದಿನ ಟ್ಯಾಂಕಲ್ಲೇ ಬಿಡೋಣ."
ಲಾಗರಿಗೆ ಬೆಣ್ಣೆ ವಾಸನೆ ಬಂದರೆ ಕೆಟ್ಟಂತೆ. ಮೂಗು ಲೋಟದೊಳಗೆ ತೂರಿಸಿದೆ. ಗೋಡೆ ಮೂಸಿದ ಹಾಗೆ.
"ಬೆಣ್ಣೆ ಹಚ್ಚೋನು ನೀನು! ಬಿಯರಿಗೆ ಎಲ್ಲಿಂದ ಬಂತೋ?"
ಸುತ್ತ ಇದ್ದ ಕೆಲಸದವರೆಲ್ಲ ನಕ್ಕರು. ಅವನೂ ನಕ್ಕ. 'ಬ್ರೆಡ್ಡಿನ ಅಂಚು, ಶುದ್ಧ' ಎಂದು ಬರೆದು ಸಹಿ ಹಾಕಿದೆ. ಬಾಟಲಿಗೆ ಹೋಯಿತು.

ಫೆಬ್ರವರಿ 12
ಒಲೆಯ ಮೇಲೆ ಹಾಲು ಸೀದು ಕರಿ ಆಯಿತು. ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ನಮ್ಮವಳು ಓಡಿ ಬಂದು ಪಾತ್ರೆ ಇಳಿಸಿ ನನ್ನ ಮುಖ ನೋಡಿದಳು.
"ಎಷ್ಟು ದಿನದಿಂದ?"
"ಜ್ವರ ಬಂದಾಗಿಂದ."
"ಹೇಳಿಬಿಡಿ ನಿಮ್ಮ ಅಕ್ಕನ ಮಗಳಿಗೆ."
"ಹೇಳಿ? ಗೇಟ್ ಕಾಯ್ಲಾ?"
ಅವಳು ಪಾತ್ರೆ ಉಜ್ಜುತ್ತಾ ನಿಂತಳು... ಬಹಳ ಹೊತ್ತು.

ಮಾರ್ಚ್ 6
ಲಾಗರ್ ಬಾಟಲಿಗಳು ವಾಪಸ್. ಲೋಡುಗಟ್ಟಲೆ. ಅಂಗಡಿಯವರೆಲ್ಲರದೂ ಒಂದೇ ಮಾತು — ಬೆಣ್ಣೆ ವಾಸನೆ. ಅಕ್ಕನ ಮಗಳು ಬ್ರೂವರನ್ನು ಕರೆಸಿದಳು.
"ಮಾವನಿಗೆ ತೋರಿಸಿದ್ದೆ ಮೇಡಂ. ಅವರೇ ಇಲ್ಲ ಅಂದ್ರು."
"ಮಾವನ ನಾಲಿಗೆ ಯಾವತ್ತಾದ್ರೂ ತಪ್ಪಿದ್ಯಾ? ಆಮೇಲೆ ನೀನೇ ಏನೋ ಕೆಡಿಸಿದ್ದೀಯ. ನಾಳೆಯಿಂದ ಬರ್ಬೇಡ."
ಬ್ರೂವರ್ ನನ್ನ ಕಡೆ ತಿರುಗಿದ. ಒಂದು ಮಾತು ಸಾಕಿತ್ತು. ತಲೆ ಕೆರೆದುಕೊಂಡೆ. ಅವನು ರಬ್ಬರ್ ಬೂಟು ಕಳಚಿ, ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟ. "ಬರ್ತೀನಿ ಮಾವ" ಎಂದ.
ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು.

ಮಾರ್ಚ್ 19
ಡಾಕ್ಟರು ಮೂಗಿನೊಳಗೆ ಲೈಟು ಬಿಟ್ಟು ನೋಡಿದರು. "ವಾಸನೆ ಇನ್ನು ಬರೋದು ಕಷ್ಟ." ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟರು.

ಮಾರ್ಚ್ 20, ಬೆಳಿಗ್ಗೆ 10
ಅಕ್ಕನ ಮಗಳಿಗೆ ಹೇಳಿಬಿಟ್ಟೆ. "ನನ್ನ ಮೂಗು ಸತ್ತಿದೆ ಕಣಮ್ಮ. ಅವನದೇನೂ ತಪ್ಪಿಲ್ಲ. ವಾಪಸ್ ಕರಿ."
ಬಿದ್ದು ಬಿದ್ದು ನಕ್ಕಳು. "ಕಿವಿ ಹೋಯ್ತು ಅಂತ ಮೂರು ದಿನ ಆಟ ಆಡಿಸಿದವರು ನೀವೇ ಅಲ್ವಾ ಮಾವ! ಅವನ ಮೇಲೆ ಕನಿಕರ ಬಂದಿದೆ, ಅಷ್ಟೇ."
"ಆಣೆ ಮಾಡಿ ಹೇಳ್ತಿದ್ದೀನಿ."
"ನಿಮ್ಮ ಆಣೆ ನಂಗೊತ್ತಿಲ್ವಾ!"
ಹೊಸ ಬಿಯರಿನ ಲೋಟ ಕೈಗಿಟ್ಟು ಪೆನ್ನು ತೆಗೆದಳು. ಕಣ್ಣಲ್ಲಿ ಅದೇ ನಂಬಿಕೆ. ಡಾಕ್ಟರ ಚೀಟಿ ಜೇಬಿನಲ್ಲೇ ಇತ್ತು. ತೆಗೆಯಬಹುದಿತ್ತು. ಕೈ ಜೇಬಿನವರೆಗೆ ಹೋಗಿ... ಲೋಟಕ್ಕೇ ಬಂತು. ಕಣ್ಣು ಮುಚ್ಚಿದೆ. ಬಾಯಿ ತಾನಾಗಿ ಶುರುಮಾಡಿತು —
"ಬರ್ಕೋ. ಮೊದಲು ಕಿತ್ತಳೆ ಸಿಪ್ಪೆ. ಆಮೇಲೆ ಒಂದಿಷ್ಟು ಕೊತ್ತಂಬರಿ ಬೀಜ."