ಎರಡನೆಯ ಟವೆಲ್

ಜನವರಿ 19, ಸೋಮವಾರ. ಶಿವೋಲಿ, ಗೋವಾ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಕಾಯೆತಾನ್ ಬಾಬ್ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗೆ ದಿನವೂ ಎರಡು ಟವೆಲ್ ಕೊಟ್ಟು, ಹಿಂದಿನ ದಿನದ್ದನ್ನು ತರುತ್ತೇನೆ. ಪ್ರತಿ ಮಡಿಕೆಯೊಳಗೂ ಒಂದು ದೇವಕಣಗಿಲೆ ಹೂವು ಇಡುವುದು ನನ್ನ ಪದ್ಧತಿ. ಈಗ ಅಲ್ಲಿರುವುದು ಗಂಡ ಹೆಂಡತಿ. ಮೊದಲ ಮೂರು ದಿನ ಅವಳ ಟವೆಲ್ ತುಂಬ ಕಾಡಿಗೆ. ಉಜ್ಜಿ ಉಜ್ಜಿ ಅವಳನ್ನು ಬೈದುಕೊಂಡಿದ್ದೆ. ಗುರುವಾರದಿಂದ ಅವಳ ಟವೆಲ್ ಮಡಿಸಿದ ಹಾಗೇ, ಬಾಡಿದ ಹೂವಿನ ಸಮೇತ ವಾಪಸ್ ಬರುತ್ತಿತ್ತು.

ನಿನ್ನೆ ಬಾಗಿಲಿಗೆ ಬಂದ ಗಂಡನನ್ನು ಕೇಳಿಬಿಟ್ಟೆ: "ಏನ್ ಬಾಬ್, ಹೆಂಡ್ತಿಗೆ ಸ್ನಾನ ಮಾಡೋಕೂ ಬಿಡಲ್ವಾ?"

ಅವನು ನಕ್ಕ. "ಅವಳಿಗೆ ಜ್ವರ ಆಂಟಿ. ಮಲ್ಗಿದ್ದಾಳೆ."

ಕಾಯೆತಾನ್ ಬಾಬ್‌ಗೆ ಫೋನ್ ಮಾಡಿದರೆ, "ಫಿಲು, ನಿನ್ ಕೆಲ್ಸ ಬಟ್ಟೆ ಒಗೆಯೋದು, ಮಂದಿ ಮನೆ ಇಣುಕೋದಲ್ಲ," ಎಂದರು.

ಇವತ್ತು ನಾನು ಕೇಳುವ ಮೊದಲೇ ಅವನು ಎರಡು ಒದ್ದೆ ಟವೆಲ್ ಕೈಗಿಟ್ಟ. "ನೋಡಿ ಆಂಟಿ, ಎದ್ದು ಸ್ನಾನ ಮಾಡಿದ್ಲು. ಅಂದ್ಹಾಗೆ, ನಿಮ್ಮನೆ ಎಲ್ಲಿ?"

ಮನೆಗೆ ಬಂದು ಅವಳ ಟವೆಲ್ ಬಿಡಿಸಿದೆ. ಸೋಪಿನ ವಾಸನೆಯಿಲ್ಲ, ಕಾಡಿಗೆಯಿಲ್ಲ. ನನ್ನ ಹೂವು ಒಳಗೇ ಇತ್ತು. ಮಡಿಕೆ ಬಿಚ್ಚದೆ ನೀರಿನಲ್ಲಿ ಅದ್ದಿದ್ದಾನೆ.

ಇದನ್ನು ಒಗೆಯುವುದಿಲ್ಲ. ಹೀಗೇ ಪೊಲೀಸ್ ಠಾಣೆಗೆ ಒಯ್ಯುತ್ತೇನೆ. ಬೆಳಗಾದರೆ ಸಾಕು.