ವಾರಿಜಮ್ಮನ ಕಸದ ಬುಟ್ಟಿ

ಕಡಲು ಪೇಟೆಯೊಳಗೆ ಬಂದ ನೂರ ನಲವತ್ತನೆಯ ವರ್ಷ,
ಹದಿಮೂರನೆಯ ತಿಂಗಳು, ನಲವತ್ತನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ವಾರಿಜಮ್ಮನವರಿಗೆ ನಿಮ್ಮ ಕುಡಿ ಇಂಚರಳ ನಮಸ್ಕಾರಗಳು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು, ಹುಡುಕುವ ಕಷ್ಟ ಬೇಡ. ನನ್ನ ಮಾತುಗಳೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾವಿರುವುದು ತೇಲುಮನೆಯಲ್ಲಿ, ಅಂದರೆ ಭರತಕ್ಕೆ ಏರಿ ಇಳಿತಕ್ಕೆ ಇಳಿಯುವ ಮನೆಯಲ್ಲಿ. ದೋಸೆ ಹೊಯ್ಯುವಾಗ ಮಾತ್ರ ತಾಪತ್ರಯ, ಹಿಟ್ಟೆಲ್ಲ ಕಾವಲಿಯ ಒಂದೇ ಬದಿಗೆ ಓಡುತ್ತದೆ. ಇಳಿತದ ಹೊತ್ತು ನೆಲದ ಗಾಜಿನಡಿ ನಿಮ್ಮ ಕಾಲದ ಬೀದಿ ಕಾಣುತ್ತದೆ. ಬಸ್‌ಸ್ಟಾಂಡಿನ ಬೆಂಚುಗಳ ಮೇಲೆ ಮೀನುಗಳು ಯಾವ ಬಸ್ಸಿಗೋ ಕಾದಂತೆ ನಿಂತಿರುತ್ತವೆ. ನಿಮ್ಮ ಕಂಪ್ಯೂಟರಿನ ಕೆಲಸವನ್ನು ಇಲ್ಲಿ ಗೋಡೆಯೇ ಮಾಡುತ್ತದೆ. ಅದನ್ನು ನೆನಪುಗೋಡೆ ಎನ್ನುತ್ತೇವೆ. ನೀವು ಕೂಡಿಟ್ಟದ್ದೆಲ್ಲ ತಾಯಿಯಿಂದ ಮಗಳಿಗೆ ದಾಟುತ್ತ, ಅಳಿಸಿದ ಕಡತಗಳು ಬೀಳುವ ಕಸದ ಬುಟ್ಟಿಯ ಸಮೇತ, ಮದುವೆಯಲ್ಲಿ ನನ್ನ ಜೊತೆ ಈ ಗೋಡೆಗೆ ಬಂದಿದೆ.

ನನ್ನ ಗಂಡನ ಮನೆಯವರದೊಂದು ಪದ್ಧತಿ: ಮಗುವಿಗೆ ಹೆಸರಿಡುವ ಮೊದಲು ಗೋಡೆಯ ಬುಟ್ಟಿ ಬರಿದಾಗಬೇಕು. ಹಳಬರು ಬೇಡವೆಂದು ಎಸೆದದ್ದು ಹೊಸ ಹೆಸರಿಗೆ ಅಂಟಬಾರದಂತೆ. ನನ್ನ ಮಗಳ ನಾಮಕರಣದ ದಿನ ನೆಂಟರೆಲ್ಲ ಬಾಗಿಲಿಗೆ ದೋಣಿ ಕಟ್ಟಿ ಒಳಗೆ ಕೂತಿದ್ದರು, ಬುಟ್ಟಿ ಮಾತ್ರ ಹಟ ಹಿಡಿಯಿತು. ಒಂದು ಕಡತ ಉಳಿದೇ ಉಳಿಯಿತು. ಅದು ಬಳಕೆಯಲ್ಲಿದೆ, ಅಳಿಸಲಾಗದು ಎಂದು ಗೋಡೆ ತಣ್ಣಗೆ ಬರೆಯಿತು. ಗೋಡೆಯನ್ನು ಆರಿಸಿ ಮತ್ತೆ ಎಬ್ಬಿಸಿದೆವು. ಅದನ್ನು ಬಳಸುತ್ತಿರುವ ಯಂತ್ರ ಯಾವುದೆಂದು ಹುಡುಕುತ್ತ ದೀಪ ಆರಿಸಿದೆವು, ಒಲೆ ಆರಿಸಿದೆವು, ಪಾಯಸ ಅರ್ಧಕ್ಕೇ ನಿಂತಿತು. ತೊಟ್ಟಿಲನ್ನು ಯಂತ್ರವೆಂದು ಯಾರು ಎಣಿಸುತ್ತಾರೆ? ಕೊನೆಗೆ ಸಿಟ್ಟು ಬಂದ ನನ್ನ ಅತ್ತೆ ಚಂಪಾವತಿಯವರು ಮಗು ಮಲಗಿದ್ದ ತೊಟ್ಟಿಲಿನ ತಂತಿಯನ್ನೂ ಕಿತ್ತರು.

ಮಗು ಸೂರು ಹಾರಿಹೋಗುವಂತೆ ಕಿರುಚಿತು. ಈಗ ಅಳಿಸಲೇ ಎಂದು ಗೋಡೆ ಕೇಳಿತು. ನನಗೆ ಮನಸ್ಸಾಗಲಿಲ್ಲ, ತಂತಿ ಮತ್ತೆ ಸಿಕ್ಕಿಸಿ ತೊಟ್ಟಿಲೊಳಗೆ ಕಿವಿಯಿಟ್ಟೆ. ನಮ್ಮ ತೊಟ್ಟಿಲುಗಳು ಗೋಡೆಯಲ್ಲಿರುವ ದನಿಗಳನ್ನೆಲ್ಲ ಮಗುವಿಗಷ್ಟೇ ಕೇಳುವಂತೆ ನುಡಿಸಿ, ಯಾವುದಕ್ಕೆ ಅದು ನಿದ್ದೆಹೋಯಿತೋ ಆ ದನಿಯನ್ನೇ ಹಿಡಿದಿಟ್ಟುಕೊಳ್ಳುತ್ತವೆ. ನನ್ನ ಮಗಳು ಒಪ್ಪಿದ್ದು ಬುಟ್ಟಿಯಲ್ಲಿದ್ದ ನಿಮ್ಮ ದನಿಯನ್ನು. ನೀವು ಜೋಗುಳ ಹಾಡುತ್ತೀರಿ, ನಡುವೆ ಸಾಲು ಮರೆತು ನಗುತ್ತೀರಿ, "ಥೂ, ಎಂಥ ಕಾಗೆ ಸ್ವರ ಮಾರಾಯ್ರೆ, ತೆಗೆದುಹಾಕಿ ಇದನ್ನು" ಅನ್ನುತ್ತೀರಿ. ನನಗೆ ಅಳು ಬಂತು. ಅತ್ತೆಯೂ ಬಗ್ಗಿ ಕೇಳಿದರು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬುಟ್ಟಿ ಖಾಲಿ ಆಗದಿದ್ರೆ ಬೇಡ. ಬನ್ನಿ, ಹೆಸರು ಇಡುವ" ಎಂದರು. ಈ ಮನೆಯಲ್ಲಿ ಪದ್ಧತಿ ಮುರಿದದ್ದು ಅದೇ ಮೊದಲು.

ವಾರಿಜಮ್ಮ, ಆ ಜೋಗುಳ ಹಾಡುವ ಮಧ್ಯಾಹ್ನ ನಿಮಗೆ ಇನ್ನೂ ಬಂದಿಲ್ಲದಿರಬಹುದು. ಬಂದಾಗ ಹಾಡಿ. ಮೆಚ್ಚದಿದ್ದರೆ ಬುಟ್ಟಿಗೂ ಹಾಕಿ, ನಾನು ಬೇಡವೆನ್ನುವುದಿಲ್ಲ. ಆದರೆ ದಯವಿಟ್ಟು ಅದನ್ನು ಖಾಲಿ ಮಾಡಬೇಡಿ. ಇಲ್ಲಿ ಮಗು ಈಗಷ್ಟೇ ಮಲಗಿದೆ.