ಬೀಗವನ್ನು ಎಣಿಸಿ ಹೋದ ಮೇಲ್ವಿಚಾರಕರಿಗೆ

ಸಭೆಗಳ ಮಾನ್ಯ ಜಿಲ್ಲಾ ಮೇಲ್ವಿಚಾರಕರೇ,

ರಾತ್ರಿ ಎರಡು ಗಂಟೆ. ನನ್ನನ್ನು ಎಬ್ಬಿಸಿದ್ದು ಮಗುವಿನ ಅಳುವಲ್ಲ, ಅಡುಗೆಮನೆಯಿಂದ ಬಂದ ಗಂಡನ ಪಿಸುದನಿ. ಹುಲಿಯೂರುದುರ್ಗದ ಪಕ್ಕದ ನಮ್ಮ ಪುಟ್ಟ ಸಭೆಗೆ ಅವರು ಪಾಸ್ಟರು. ಬೆಳಿಗ್ಗೆ ತಾವು ಕಳಿಸಿದ ಆದೇಶವನ್ನು ಸಭೆಯ ಮುಂದೆ ಓದಲೇಬೇಕಲ್ಲ, ಗ್ರೈಂಡರಿನ ಮುಂದೆ ನಿಂತು ಅಭ್ಯಾಸ ನಡೆಸಿದ್ದರು: "ಪ್ರಿಯ ಸಭೆಯೇ, ಇಲ್ಲಿ ಇದೇ ಕೊನೆಯ ಆರಾಧನೆ." 'ಕೊನೆಯ' ಎನ್ನುವಲ್ಲಿಗೆ ನಿಲ್ಲಿಸಿ, ನೀರು ಕುಡಿದು ಮತ್ತೆ ಮೊದಲಿಂದ ಶುರು. ಗ್ರೈಂಡರ್ ಧೈರ್ಯವಾಗಿ ಕೇಳಿಸಿಕೊಂಡಿತು. ನನ್ನ ಕೈಲಾಗಲಿಲ್ಲ. ಅದಕ್ಕೇ ಜಿಲ್ಲೆಯ ಎಲ್ಲ ಸಭೆಗಳಿರುವ ಈ ವಾಟ್ಸಾಪ್ ಗುಂಪಿನಲ್ಲೇ, ಎಲ್ಲರೂ ನೋಡಲಿ ಎಂದು ಬರೆಯುತ್ತಿದ್ದೇನೆ.

ತಾವು ತಪಾಸಣೆಗೆ ಬಂದ ಭಾನುವಾರ ಹಾಜರಿ ಸೊನ್ನೆ, ಆದ್ದರಿಂದ ನಮ್ಮ ಸಭೆಯನ್ನು ಮುಚ್ಚಿ ಕುಣಿಗಲ್ಲಿನದಕ್ಕೆ ಸೇರಿಸಬೇಕು ಎನ್ನುತ್ತದೆ ಆದೇಶ. ಸುಳ್ಳಲ್ಲ, ಬಾಗಿಲಿಗೆ ಬೀಗವಿತ್ತು. ಹೇಳದೆ ಕೇಳದೆ ಬರುವವನು ಕರ್ತನೊಬ್ಬನೇ ಎಂದು ನಂಬಿದ್ದೆವು. ಜಿಲ್ಲಾ ಕಚೇರಿಯೂ ಆ ಸಾಲಿಗೆ ಸೇರಿದ್ದು ಗೊತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿದ ತಮಗೆ ಪ್ರಸಂಗಪೀಠದ ಕೆಳಗೆ ಕಾವಿಗೆ ಕೂತ ಕೋಳಿ ಕಂಡಿತಂತೆ. ಅದನ್ನಾದರೂ ಎಣಿಸಬಾರದಿತ್ತೇ? ಪ್ರತಿ ಸುಗ್ಗಿ ಹಬ್ಬಕ್ಕೆ ಚರ್ಚಿನ ಖರ್ಚಿಗೆಂದು ನಡೆಸುವ ಹರಾಜಿನಲ್ಲಿ ಅದನ್ನು ಕೂಗಿ ಕೊಂಡವರೇ ಮತ್ತೆ ಸಭೆಗೆ ಬಿಟ್ಟುಹೋಗುತ್ತಾರೆ. ನಮ್ಮ ಹಳೇ ಸದಸ್ಯೆ ಅದು.

ಉಳಿದವರು ಎಲ್ಲಿದ್ದೆವು ಎನ್ನುತ್ತೀರಾ? ನರಸಿಂಹಮ್ಮನವರ ರಾಗಿ ಹೊಲದಲ್ಲಿ. ಅವರು ನಮ್ಮ ಸಭೆಯವರಲ್ಲ, ಅವರ ಮನೆದೇವರೇ ಬೇರೆ. ಆದರೆ ಮಳೆಗೆ ನಮ್ಮ ಚರ್ಚಿನ ಗೋಡೆ ಕುಸಿದಾಗ ಕರೆಯದೇ ಬಂದು ಕಲ್ಲು ಮಣ್ಣು ಹೊತ್ತವರು. ಮುಯ್ಯಾಳು ಎಂಬ ಪದ್ಧತಿ ತುಮಕೂರಿನ ಕಚೇರಿಯ ಫ್ಯಾನಿನಡಿ ಮರೆತುಹೋಗಿರಬಹುದು: ನಮ್ಮ ಕೆಲಸಕ್ಕೆ ಬಂದವರ ಕೆಲಸಕ್ಕೆ ನಾವು ಹೋಗಬೇಕು, ಕೂಲಿ ಕೇಳುವಂತಿಲ್ಲ, ನೆಪ ಹೇಳುವಂತಿಲ್ಲ. ಆ ಬೆಳಿಗ್ಗೆ ಮೋಡ ಕವಿದಿತ್ತು, ಕೊಯ್ದ ರಾಗಿ ಹೊಲದಲ್ಲೇ ಹರಡಿತ್ತು. ಇಡೀ ಸಭೆ ಹೋಗಿ ಹೊರೆ ಕಟ್ಟಿ ಮೆದೆ ಒಟ್ಟಿ, ಅದರ ಪಕ್ಕದಲ್ಲೇ ಆರಾಧನೆ ಮಾಡಿತು. ಮೈಯೆಲ್ಲ ಹುಲ್ಲಿನ ನವೆ ಹತ್ತಿದ್ದರಿಂದ ಪ್ರಸಂಗ ಚಿಕ್ಕದಾಯಿತು. ಅದಕ್ಕಾಗಿ ಕೆಲವರು ದೇವರನ್ನು ವಿಶೇಷವಾಗಿ ಸ್ತುತಿಸಿದರು.

ಆದೇಶದ ಸುದ್ದಿ ಕೇಳಿ ನರಸಿಂಹಮ್ಮ ಸೆರಗು ಬಿಗಿದು ಬಂದರು. "ಏನವ್ವಾ, ನನ್ ಮೆದೆ ಹಾಕಕ್ ಬಂದಿದ್ಕೆ ನಿಮ್ ಗುಡಿ ಮುಚ್ತಾರಂತಾ? ಆ ದೊಡ್ಡಯ್ಯನ ನಂಬರ್ ಕೊಡಿಲ್ಲಿ, ಎಲ್ಡು ಮಾತಾಡ್ತೀನಿ!" ನಾನು ಕೊಡಲಿಲ್ಲ. ತಮ್ಮ ಮೇಲೆ ನನಗಿರುವ ಗೌರವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇದರಲ್ಲಿ ನನಗೆ ಲಾಭವೇ ಇದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನನ್ನ ಮಗನಿಗೆ ಉಬ್ಬಸ. ಸಭೆ ಮುಚ್ಚಿ ಗಂಡನಿಗೆ ತುಮಕೂರಿಗೆ ವರ್ಗವಾದರೆ ಮಕ್ಕಳ ಡಾಕ್ಟರ ಎದುರಿಗೇ ಮನೆ ಕೊಡುತ್ತೀರಂತೆ. ಬಾಯಲ್ಲಿ ನೀರೂರಿದ್ದು ನಿಜ. ಆದರೆ ಮೊನ್ನೆ ಅವನಿಗೆ ಉಸಿರು ಸಿಕ್ಕಿಕೊಂಡಾಗ ಕುಣಿಗಲ್ ಆಸ್ಪತ್ರೆಗೆ ಆಟೋ ಓಡಿಸಿದವನು ನಮ್ಮ ಸಭೆಯ ಮುತ್ತುರಾಜ್. ಹೆದರಿಕೆಗೆ ನನಗೊಂದು ಪ್ರಾರ್ಥನೆಯೂ ನೆನಪಾಗಲಿಲ್ಲ. "ನೀವ್ ಮಗೀನ ನೋಡ್ಕಳಿ ಅಕ್ಕ, ಪ್ರಾರ್ಥನೆ ನಾನ್ ಮಾಡ್ತೀನಿ. ಕಣ್ ಮಾತ್ರ ಮುಚ್ಚಕ್ಕಿಲ್ಲ," ಎಂದ. ಇಂಥವರನ್ನು ಸೊನ್ನೆ ಎಂದು ಬರೆದ ಕೈಯಿಂದ ಆ ಮನೆಯ ಕೀಲಿಕೈ ಇಸಿದುಕೊಳ್ಳಲೇ?

ಆದೇಶವನ್ನು ತಡೆಹಿಡಿಯಿರಿ. ಇನ್ನೊಂದು ಭಾನುವಾರ ಬನ್ನಿ, ಹೇಳಿ ಬನ್ನಿ, ಊಟಕ್ಕೇ ಬನ್ನಿ. ನನ್ನ ಗಂಡ ವಿಧೇಯರು. ತಮ್ಮಿಂದ ಮಾತು ಬಾರದಿದ್ದರೆ ಅತ್ತಾದರೂ ಓದಿಬಿಡುತ್ತಾರೆ. ಓದಿ ಮುಚ್ಚಿದ್ದನ್ನು ಮತ್ತೆ ತೆರೆಯುವ ಪದ್ಧತಿ ತಮ್ಮ ಕಚೇರಿಯಲ್ಲಿಲ್ಲ. ಬೆಳಗಾಗುವ ಮುನ್ನ ಒಂದು ಫೋನ್ ಮಾಡಿ, ತಮ್ಮ ದಮ್ಮಯ್ಯ. ಹೊತ್ತಲ್ಲದ ಹೊತ್ತು ಎಂಬ ಸಂಕೋಚ ಬೇಡ. ಈ ಮನೆಯಲ್ಲಿ ನಿದ್ದೆ ಮಾಡುತ್ತಿರುವವರು ಯಾರೂ ಇಲ್ಲ.

ಇಂತಿ,
ವಿಧೇಯತೆಯನ್ನು ಪೂರ್ತಿ ಗಂಡನಿಗೇ ಬಿಟ್ಟುಕೊಟ್ಟಿರುವ,
ಪಾಸ್ಟರ ಹೆಂಡತಿ ಸುಶ್ಮಿತಾ